ಪ್ರೀತಿ ಇಲ್ಲದೆ ಮಾಡಿದ್ದು ಲೆಕ್ಕಕ್ಕೆ ಬರಲ್ವಾ ಅಂತ ಕೇಳಿದ ಮಗಳಿಗೆ

ಮಗಳೇ,

ಮಕ್ಕಳ ಪರೀಕ್ಷೆ, ಮನೆ ಓನರ್ ಬಾಡಿಗೆ ಜಾಸ್ತಿ ಕೇಳಿದ್ದು, ಎಲ್ಲಾ ಓದಿದೆ. ಅದಕ್ಕೆ ಆಮೇಲೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿ ಇಲ್ಲ. "ಅತ್ತೆಗೆ ಎಲ್ಲಾ ಮಾಡುತ್ತೇನೆ ದೊಡ್ಡಮ್ಮ, ಆದರೆ ಒಳಗೆ ಪ್ರೀತಿ ಇಲ್ಲ. ಪ್ರೀತಿ ಇಲ್ಲದೆ ಮಾಡಿದ್ದು ದೇವರ ಲೆಕ್ಕಕ್ಕೆ ಬರಲ್ಲ ಅಲ್ವಾ?" ಅದರ ಮೇಲೆ, ಮೊದಲನೇ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎದ್ದು ಹೋಗದೆ ಬೆಂಚಲ್ಲೇ ಕೂತೆ ಅಂತ ಬೇರೆ.

ಸ್ಟ್ರೋಕ್ ಆಗಿ ಮಲಗಿರುವ ನಿನ್ನ ಅತ್ತೆಯ ಸ್ವಭಾವ, ಮದುವೆ ಹೊತ್ತಿನ ಮಾತುಗಳು, ಅದೆಲ್ಲಾ ನಮಗೆ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದಿಲ್ಲ.

ಆ ಮಾತನ್ನು ನೀನು ಎಲ್ಲಿಂದ ತೆಗೆದೆ ಅಂತ ಗೊತ್ತು. ಬೈಬಲ್ಲಿನಲ್ಲಿ ಪೌಲ ಕೊರಿಂಥದ ಸಭೆಗೆ ಬರೆದ ಮೊದಲನೇ ಪತ್ರಿಕೆ, 1 ಕೊರಿಂಥ 13, ಮೂರನೇ ವಚನ. ಇರುವುದನ್ನೆಲ್ಲಾ ಹಂಚಿಕೊಟ್ಟರೂ ಪ್ರೀತಿ ಇಲ್ಲದಿದ್ದರೆ ಪ್ರಯೋಜನವಿಲ್ಲ ಅಂತ ಪೌಲ ಬರೆದದ್ದು ನಿಜ. ಆದರೆ ನಾಲ್ಕನೇ ವಚನಕ್ಕೆ ಯಾಕೆ ಬರಲಿಲ್ಲ ನೀನು? ಪ್ರೀತಿ ಏನು ಮಾಡುತ್ತದೆ ಅಂತ ಅವನು ಹೇಳುವುದೇ ಅಲ್ಲಿಂದ. ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ತನ್ನನ್ನು ಹೊಗಳಿಕೊಳ್ಳುವುದಿಲ್ಲ, ಎಲ್ಲವನ್ನೂ ಸಹಿಸಿಕೊಳ್ಳುತ್ತದೆ. ಎದೆ ತುಂಬಿ ಬರಬೇಕು, ಕಣ್ಣಲ್ಲಿ ನೀರು ಬರಬೇಕು ಅಂತ ಒಂದು ಕಡೆಯೂ ಇಲ್ಲ ಕಣೇ. ನಡುರಾತ್ರಿ ಎದ್ದು, ಲೈಟ್ ಹಾಕಿದರೆ ಮಕ್ಕಳು ಏಳುತ್ತಾರೆ ಅಂತ ಕತ್ತಲಲ್ಲೇ ಅತ್ತೆಯ ಒದ್ದೆ ಬಟ್ಟೆ ಬದಲಿಸುತ್ತೀಯಲ್ಲ, ಅದು ಮತ್ತೆ ಏನು? "ಸಿಟ್ಟುಗೊಳ್ಳುವುದಿಲ್ಲ" ಅಂತಲೂ ಅಲ್ಲೇ ಇದೆ, ಮುಚ್ಚಿಡುವುದಿಲ್ಲ. ಆ ಮಾತಿನ ಮುಂದೆ ನಾನೂ ತಲೆ ತಗ್ಗಿಸುತ್ತೇನೆ.

ನಮ್ಮ ಮಾವನವರ ಕಾಯಿಲೆ ನೀನು ಚಿಕ್ಕವಳಿದ್ದಾಗ ಕಂಡಿದ್ದೀಯ, ಒಳಗಿನ ಮಾತು ಕಂಡಿಲ್ಲ. ಅವರು ದುಡಿದ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿನ ಕಲ್ಲಿನ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದುಹಾಕಿತು, ಸಿಲಿಕೋಸಿಸ್ ಅನ್ನುತ್ತಾರೆ. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಮಾವನವರು ಬದುಕಿರಲಿಲ್ಲ. ಕೆಮ್ಮು ಶುರುವಾದರೆ ಮಂಚದ ಪಟ್ಟಿ ಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಕೆಳಗೆ ಹಾಲಿನ ಪುಡಿಯ ಹಳೇ ಡಬ್ಬ, ಅದರ ತಳಕ್ಕೆ ಬೂದಿ. ಬೆಳಿಗ್ಗೆ ಅದನ್ನು ಹಿತ್ತಲ ಗುಂಡಿಗೆ ಸುರಿದು, ಫಿನಾಯಿಲ್ ಹಾಕಿ ತೊಳೆದು, ಒಲೆ ಬೂದಿಯನ್ನು ಜರಡಿ ಹಿಡಿದು ಮತ್ತೆ ಹಾಕಿಡಬೇಕು. ಜರಡಿ ಹಿಡಿಯದಿದ್ದರೆ ಇದ್ದಲಿನ ಚೂರು ತಳಕ್ಕೆ ಅಂಟಿ, ಉಜ್ಜಿದರೂ ಬಿಡುತ್ತಿರಲಿಲ್ಲ. ಅವರು ಒಂದು ದಿನ ನನ್ನ ಹೆಸರು ಹಿಡಿದು ಕರೆದವರಲ್ಲ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಗೊಣಗುತ್ತಿತ್ತು. ಪ್ರೀತಿ ಅಂತ ಹುಡುಕಿದರೆ ಒಂದು ಚೂರೂ ಸಿಗುತ್ತಿರಲಿಲ್ಲ.

ಆಗ ನಾನೂ ನಿನ್ನ ಹಾಗೇ ಬೆಂಚಲ್ಲೇ ಕೂತವಳು. ಅಯೋಗ್ಯವಾಗಿ ಆ ರೊಟ್ಟಿ ತಿಂದರೆ ದೋಷಿಯಾಗುತ್ತೇನೆ ಅನ್ನುವ ಭಯ. ಯಾರಿಗೂ ಹೇಳಲಿಲ್ಲ. ಚರ್ಚಿನ ಸ್ತ್ರೀ ಸಮಾಜದಲ್ಲಿ ದೇವರು ತಮಗೆ ಮಾಡಿದ್ದನ್ನು ಎಲ್ಲರೂ ಸಾಕ್ಷಿ ಹೇಳುವಾಗ ಚಾಪೆಯ ಎಳೆ ಕೀಳುತ್ತಾ ಕೂತಿರುತ್ತಿದ್ದೆ. ವರ್ಷಗಟ್ಟಲೆ ಹಾಗೇ ಹೋಯಿತು ಮಗಳೇ. ಈಗ ನೆನೆದರೆ ಡಬ್ಬ ತೊಳೆದದ್ದು ನೋಯುವುದಿಲ್ಲ, ಪ್ರಭುಭೋಜನದ ಆ ಮೇಜಿನಿಂದ ದೂರ ಕೂತದ್ದು ನೋಯುತ್ತದೆ. ಅದಕ್ಕೇ ನಿನ್ನ ಸಾಲು ಓದಿ ಹೀಗೆ ಗಾಬರಿಯಾದದ್ದು. ಅದೇ ಕೊರಿಂಥ ಪತ್ರಿಕೆಯ 11ನೇ ಅಧ್ಯಾಯ ಪೂರ್ತಿ ಓದು. ಕೊರಿಂಥದಲ್ಲಿ ಪೌಲ ಯಾರನ್ನು ಬೈದ? ಇಲ್ಲದವರು ಹಸಿದು ಕೂತಿರುವಾಗ, ಕಾಯದೆ ಮೊದಲೇ ಉಂಡು ಕುಡಿದು ಮತ್ತರಾದವರನ್ನು. ಅತ್ತೆಗೆ ಗಂಜಿ ಕುಡಿಸಿ ಆಮೇಲೆ ತಣ್ಣಗಾದ ಅನ್ನ ತಿನ್ನುವವಳನ್ನು ಅಲ್ಲ.

ಆಮೇಲೆ ಯಾವುದೋ ಕೂಟದಲ್ಲಿ ಒಬ್ಬ ಪಾಸ್ಟರ್ ಹೇಳಿದ್ದು ನನ್ನನ್ನು ಉಳಿಸಿತು. ನಾವು ಮೆಥೊಡಿಸ್ಟರು, ನಮ್ಮ ಪಂಥ ಶುರುಮಾಡಿದ ಜಾನ್ ವೆಸ್ಲಿಯವರ 1738ರ ಮೇ 24ರ ಕಥೆ ಸಂಡೇ ಸ್ಕೂಲಿನಿಂದ ಕೇಳುತ್ತಾ ಬಂದಿದ್ದೇವೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಹೃದಯ ಬೆಚ್ಚಗಾಯಿತು ಅಂತ. ಅದಾಗಿ 28 ವರ್ಷದ ಮೇಲೆ, 1766ರಲ್ಲಿ, ಅದೇ ವೆಸ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಕಾಗದದಲ್ಲಿ ತಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಿಲ್ಲ ಅಂತ ಶಾರ್ಟ್‌ಹ್ಯಾಂಡಿನಲ್ಲಿ ಬರೆದಿದ್ದಾರಂತೆ. ಅರವತ್ತು ದಾಟಿದ ಮನುಷ್ಯ! ಹಾಗಂತ ಕುದುರೆ ಕಟ್ಟಿಹಾಕಿ ಮನೆಯಲ್ಲಿ ಕೂರಲಿಲ್ಲ. 1791ರಲ್ಲಿ ತೀರಿಕೊಳ್ಳುವ ತನಕ ಸಾರಿದರು, ಬಡವರ ಹತ್ತಿರ ಹೋದರು. ಅದನ್ನು ಕೇಳಿದ ದಿನ ನಾನು ಅತ್ತುಬಿಟ್ಟೆ. ಇಷ್ಟು ವರ್ಷ ಇದು ನನಗೊಬ್ಬಳಿಗೇ ಇರುವ ರೋಗ ಅಂದುಕೊಂಡಿದ್ದೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮನಸ್ಸಿಲ್ಲದೆ ಮಾಡಿದ ವಿಧೇಯತೆ ಕಪಟ ಅಂತೀಯಲ್ಲ, ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಏನು ಬೇಡಿದರು? ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ ಅಂತ. ಬೆವರು ರಕ್ತದ ಹನಿಗಳ ಹಾಗೆ ಬೀಳುತ್ತಿತ್ತು ಅಂತ ಲೂಕ ಬರೆಯುತ್ತಾನೆ. ಇಷ್ಟವಾಗಿ ಹೋದದ್ದಾ ಅದು? ತಂದೆಯ ಚಿತ್ತ ಅಂತ ಎದ್ದು ಹೋದರು. ಶಿಷ್ಯ ಪೇತ್ರನಿಗೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಕೇಳಿದಾಗಲೂ, ನಿನ್ನ ಎದೆ ತೆಗೆದು ತೋರಿಸು ಅನ್ನಲಿಲ್ಲ. ಕುರಿಗಳನ್ನು ಮೇಯಿಸು, ಅಂದರೆ ನನ್ನ ಜನರನ್ನು ನೋಡಿಕೋ ಅಂದರು, ಅಷ್ಟೇ. ನಮ್ಮ ಹೃದಯ ನಮ್ಮನ್ನೇ ಖಂಡಿಸಿದರೂ ದೇವರು ಅದಕ್ಕಿಂತ ದೊಡ್ಡವನು ಅಂತ 1 ಯೋಹಾನ 3ರಲ್ಲಿ ಇದೆ. ನನ್ನ ಬೈಬಲ್ಲಿನಲ್ಲಿ ಆ ಪುಟ ಮಾಸಿಹೋಗಿದೆ.

ಬುದ್ಧಿ ಹೇಳಲು ನನಗೇನು ಹಕ್ಕು, ಹತ್ತಿರ ಇದ್ದು ಮಾಡುವವಳು ನೀನು. ಆದರೂ ನಮ್ಮ ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರೊಬ್ಬರು ನನಗೆ ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸು. ಸೊಂಟದ ಕೆಳಗಿನ ಮೂಳೆ ಮತ್ತು ಹಿಮ್ಮಡಿ ಕೆಂಪಾಗಿದೆಯಾ ನೋಡು. ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ, ಮಲಗಿಸಿ ಏನನ್ನೂ ಕುಡಿಸಬೇಡ, ಒರಗಿಸಿ ಕೂರಿಸಿ ಚಮಚದಲ್ಲಿ ಕೊಡು. ಇದೆಲ್ಲಾ ನಿನಗೆ ಗೊತ್ತಿರಬಹುದು.

ಪ್ರಾರ್ಥನೆಗೆ ಮಾತು ಬರದಿದ್ದರೆ ಕರ್ತನ ಪ್ರಾರ್ಥನೆ ಒಂದು ಸಲ ಹೇಳಿ ಮಲಗು. ನಿನ್ನ ನಾದಿನಿಯನ್ನು ತಿಂಗಳಿಗೆ ಒಂದು ಭಾನುವಾರ ಬಂದಿರು ಅಂತ ಕೇಳು, ಅವಳ ತಾಯಿಯೂ ಹೌದಲ್ವಾ. ಕೇಳುವುದು ನಿನಗೆ ಕಷ್ಟ ಅಂತ ಗೊತ್ತು, ಬೇಕಾದರೆ ನಾನು ಫೋನ್ ಮಾಡುತ್ತೇನೆ. ಅತ್ತೆಯ ಮೇಲೆ ರೇಗಿದ ದಿನ "ರೇಗಿಬಿಟ್ಟೆ ಅತ್ತೆ" ಅಂತ ಅವರಿಗೇ ಹೇಳಿಬಿಡು. ಅವರು ಮುಖ ತಿರುಗಿಸಿದರೂ ಪರವಾಗಿಲ್ಲ.

ಸುಮ್ನೆ ಕಾಗದ ಬರೆದು ಕೂರಲು ನನಗೆ ಆಗುತ್ತಿಲ್ಲ. ಬರುವ ತಿಂಗಳ ಮೊದಲನೇ ಶನಿವಾರ ಬೆಂಗಳೂರಿಗೆ ಬಂದು, ಅಲ್ಲಿಂದ ತುಮಕೂರು ಬಸ್ ಹತ್ತುತ್ತೇನೆ. ಭಾನುವಾರ ಅತ್ತೆಯ ಮೈ ಒರೆಸುವುದು, ಗಂಜಿ, ಮಾತ್ರೆ ಎಲ್ಲಾ ನಾನು ನೋಡಿಕೊಳ್ಳುತ್ತೇನೆ, ನೀನು ಮಕ್ಕಳನ್ನು ಕರೆದುಕೊಂಡು ಆರಾಧನೆಗೆ ಹೋಗು. ಎಲ್ಲರೂ ಮೇಜಿನ ಹತ್ತಿರ ಹೋಗುವಾಗ ನೀನೂ ಹೋಗು ಮಗಳೇ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಂಚಕ್ಕೆ ಹಾಸಲು ರಬ್ಬರ್ ಶೀಟ್ ಇದೆಯಾ, ಇಲ್ಲಿಂದ ತರಬೇಕಾ ಅಂತ ಶುಕ್ರವಾರದ ಒಳಗೆ ತಿಳಿಸು.

ನಿನ್ನ
ದೊಡ್ಡಮ್ಮ