ಬಾಂಬ್ ಬೀಳುವಾಗಲೂ ನಿಲ್ಲದ ಪಿಯಾನೋ

ಲಂಡನ್

ಪ್ರೀತಿಯ ಅಕ್ಕ,

ಅಪ್ಪ ಹೋದ ಮೇಲೆ ನೀನು ಹಾಡುವುದನ್ನೇ ಬಿಟ್ಟಿದ್ದೀಯ, ಮಕ್ಕಳ ಪಾಠವನ್ನೂ ನಿಲ್ಲಿಸಿದ್ದೀಯ ಅಂತ ಅಮ್ಮ ಹೇಳಿದರು. ಇಂಥ ಹೊತ್ತಲ್ಲಿ ಹಾಡುವುದು ಸರಿಯಲ್ಲ ಅಂದೆಯಂತೆ. ಅವತ್ತಿನಿಂದ ನಿನಗೆ ಮೈರಾ ಹೆಸ್ ಬಗ್ಗೆ ಹೇಳಬೇಕು ಅಂತಲೇ ಇದ್ದೇನೆ. ಫೋನಲ್ಲಾದರೆ ನೀನು ಮಾತು ಬದಲಿಸುತ್ತೀಯ, ಅದಕ್ಕೇ ಈ ಪತ್ರ.

ಮೈರಾ 1890ರಲ್ಲಿ ಲಂಡನ್ನಿನಲ್ಲೇ ಒಂದು ಯಹೂದಿ ಮನೆಯಲ್ಲಿ ಹುಟ್ಟಿದವರು. ಅಮೆರಿಕದವರೆಗೂ ಹೆಸರು ಮಾಡಿದ್ದ ಪಿಯಾನೋ ಕಲಾವಿದೆ. 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಇಲ್ಲಿ ನಾಟಕ, ಸಿನಿಮಾ, ಸಂಗೀತ ಕಚೇರಿ ಎಲ್ಲ ಬಂದ್ ಆಯಿತು. ರಾತ್ರಿ ದೀಪ ಕಾಣುವ ಹಾಗಿಲ್ಲ. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ವೇಲ್ಸ್ ಕಡೆಗೆ ಸಾಗಿಸಿದ್ದರು, ಬರೀ ಗೋಡೆ ಉಳಿದಿತ್ತು. ಮೈರಾ ತಮ್ಮ ಅಮೆರಿಕ ಪ್ರವಾಸ ರದ್ದು ಮಾಡಿ, ಆ ಖಾಲಿ ಕೋಣೆಗಳಲ್ಲಿ ಆಗಾಗ ಒಂದು ಕಚೇರಿ ಮಾಡಬಹುದಾ ಅಂತ ಗ್ಯಾಲರಿಯ ನಿರ್ದೇಶಕ ಕೆನೆತ್ ಕ್ಲಾರ್ಕ್ ಅವರನ್ನು ಕೇಳಿದರು. ಆಗಾಗ ಯಾಕೆ, ದಿನಾ ಮಾಡಿ ಅಂದರಂತೆ ಅವರು.

ಅಕ್ಟೋಬರ್ 10ರ ಮಧ್ಯಾಹ್ನ ಮೊದಲನೆಯದು. ಟಿಕೆಟ್ ಒಂದು ಶಿಲಿಂಗ್. ಹೆಚ್ಚು ಜನ ಬರಲಾರರು ಅಂದುಕೊಂಡಿದ್ದರೆ ಸಾವಿರಕ್ಕಿಂತ ಜಾಸ್ತಿ ಜನ ಸಾಲು ನಿಂತರು. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ, 1946ರ ಏಪ್ರಿಲ್ ತನಕ, ಒಟ್ಟು 1,698 ಕಚೇರಿ, 8 ಲಕ್ಷಕ್ಕೂ ಹೆಚ್ಚು ಕೇಳುಗರು! ಆಫೀಸಿನವರು, ಸಮವಸ್ತ್ರದ ಸೈನಿಕರು, ಜಾಗ ಸಿಗದವರು ನೆಲದ ಮೇಲೆ, ಎಷ್ಟೋ ಜನ ಸ್ಯಾಂಡ್‌ವಿಚ್ ತಿಂದು ಕೂತವರು. 1940ರಲ್ಲಿ ಬಾಂಬ್ ದಾಳಿ ಜೋರಾದಾಗ ಪಿಯಾನೋ ನೆಲಮಾಳಿಗೆಗೆ ಇಳಿಯಿತು. ಗ್ಯಾಲರಿ ಮೇಲೂ ಬಾಂಬ್ ಬಿತ್ತು. ಕಚೇರಿ ಮಾತ್ರ ನಿಲ್ಲಲಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಬೇರೆ. ಅಲ್ಲಿ ಅವರು ಹೆಚ್ಚಾಗಿ ನುಡಿಸಿದ್ದು ಯಾರ ಸಂಗೀತ ಗೊತ್ತಾ? ಬಾಖ್, ಬೀಥೋವನ್, ಮೊಜಾರ್ಟ್, ಶೂಬರ್ಟ್, ಬ್ರಾಮ್ಸ್. ಎಲ್ಲ ಜರ್ಮನ್ ಮಾತಾಡುವ ನಾಡಿನವರು. ಆಕಾಶದಿಂದ ಬಾಂಬ್ ಹಾಕುತ್ತಿದ್ದವರೂ ಜರ್ಮನರೇ. ಯಹೂದಿಯರಿಗೆ ಅವರು ಏನು ಮಾಡುತ್ತಿದ್ದರು ಅನ್ನುವುದು ನಿನಗೆ ಗೊತ್ತೇ ಇದೆ, ಅಂಥ ಕಾಲದಲ್ಲಿ ಒಬ್ಬ ಯಹೂದಿ ಹೆಂಗಸು ಬೀಥೋವನ್‌ನನ್ನು ಶತ್ರುವಿಗೆ ಬಿಟ್ಟುಕೊಡಲಿಲ್ಲ. ಕೇಳಲು ಬಂದವರೂ ಎದ್ದು ಹೋಗಲಿಲ್ಲ. ನನಗೆ ಇದು ಸಣ್ಣ ವಿಷಯ ಅಲ್ಲ ಅಕ್ಕ.

ಹೋದ ಭಾನುವಾರ ರಜೆ ಇತ್ತು, ಗ್ಯಾಲರಿಯಲ್ಲಿ ಆ ಕಚೇರಿಗಳು ನಡೆದ ಗುಮ್ಮಟದ ಕೋಣೆಗೆ ಹೋಗಿ ಸುಮ್ನೆ ಸ್ವಲ್ಪ ಹೊತ್ತು ನಿಂತೆ. ಈಗ ಚಿತ್ರಗಳೆಲ್ಲ ವಾಪಸ್ ಬಂದಿವೆ, ಪ್ರವಾಸಿಗಳ ಗದ್ದಲ. ಆದರೂ ನನ್ನ ತಲೆಯಲ್ಲಿ ನೀನೇ. ಸಂಗೀತದಿಂದ ಎಲ್ಲ ನೋವೂ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ದಿನಾ ವಾರ್ಡಿನಲ್ಲಿ ನೋವು ನೋಡುವವಳು ನಾನು. ಆದರೆ ಹಿಂದಿನ ರಾತ್ರಿ ಮನೆ ಕಳಕೊಂಡವರು, ಮಗನ ಕಾಗದಕ್ಕೆ ಕಾಯುತ್ತಿದ್ದವರು, ಗುರುತಿಲ್ಲದವರ ಪಕ್ಕ ಒಂದು ಗಂಟೆ ಕೂತು ಕೇಳಿ, ಮತ್ತೆ ಕೆಲಸಕ್ಕೆ ಹೋಗುವಷ್ಟು ಗಟ್ಟಿಯಾದರಲ್ಲ, ಅದು ಗುಣವಾಗುವುದೇ ಅಲ್ವಾ? ನಿನ್ನ ಹತ್ತಿರ ಬರುವ ಮಕ್ಕಳಿಗೂ ಅಪ್ಪ ಅಂದರೆ ಪ್ರಾಣ. ಅವರೂ ಎಲ್ಲಾದರೂ ಕೂತು ಆ ದುಃಖ ಕಳೆಯಬೇಕು ತಾನೆ?

ಬಾಖ್‌ನ ಒಂದು ಚರ್ಚ್ ಹಾಡನ್ನು ಮೈರಾ ಪಿಯಾನೋಗೆ ಹೊಂದಿಸಿದ್ದರು, ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದೇ ಅದು. ಅವರೇ ನುಡಿಸಿದ್ದರ ಲಿಂಕ್ ವಾಟ್ಸಾಪಿನಲ್ಲಿ ಹಾಕಿದ್ದೇನೆ. ಸ್ವರಗಳು ಹೆಚ್ಚುಕಡಿಮೆ ನಮ್ಮ ಶಂಕರಾಭರಣ ರಾಗದವೇ, ಗಮಕ ಮಾತ್ರ ಇಲ್ಲ. ಅಮ್ಮನ ಜೊತೆ ಕೂತು ಕೇಳು. ಮೊದಲ ನಾಲ್ಕು ಸಾಲಿಗೆ ಸ್ವರ ಹಾಕಿ, ಹಾಡಿ, ವಾಯ್ಸ್ ಮೆಸೇಜ್ ಕಳಿಸು. ಬರೆದು ಕಳಿಸಿದರೆ ನಾನು ಒಪ್ಪುವುದಿಲ್ಲ.

ನಿನ್ನ ತಂಗಿ