ಎರಡು ಹೊಳೆಗಳ ನಡುವಿನ ಊರಲ್ಲಿ ನಂಬಿ ಒಂದು ಮೀನು ಕೊಳ್ಳುವ ಹಾಗಿಲ್ಲ

ಮಾನ್ಯರೇ,

ನಮ್ಮ ರಾಯಚೂರಿನ ಮೀನು-ಮಟನ್ ಗಲ್ಲಿ ಬಗ್ಗೆ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೊ ಸರಿಯಾಗಿಯೇ ಇತ್ತು. ಆ ನೀಲಿ ತಾಡಪತ್ರಿ, ಆ ಚರಂಡಿ, ಎಲ್ಲಾ ಅದೇ. ಆದರೆ ಅಂಗಡಿಗಳನ್ನೆಲ್ಲ ನೋಡಿ ಬಂದಿದ್ದೇವೆ, ಜನ ಹೆದರಬೇಕಿಲ್ಲ ಅಂತ ಅಧಿಕಾರಿಯೊಬ್ಬರು ಹೇಳಿದ್ದೂ ಅದರಲ್ಲಿತ್ತು. ಆ ಸಾಲು ಓದುವಾಗ ನಮ್ಮ ಯಜಮಾನರು ಮೈ ಕೆರೆದುಕೊಳ್ಳುತ್ತಾ ಮಂಚದ ಮೇಲೆ ಮಲಗಿದ್ದರು. ಅದಕ್ಕೇ ಈ ಪತ್ರ.

ಜೂನ್ ಮೊದಲ ವಾರ. ಶನಿವಾರ ರಾತ್ರಿ ಮಗಳು, ಅಳಿಯ ಉಡುಪಿಯಿಂದ ಬಂದರು. ಅಳಿಯ ಮೀನು ತಿಂದು ಬೆಳೆದವರು. ಒಂದು ಹೊತ್ತಾದರೂ ಬಂಗುಡೆ ಮಾಡಿ ಬಡಿಸಬೇಕು ಅಂತ ನನಗೆ ಆಸೆ. ಭಾನುವಾರ ಮುಂಜಾನೆ ಏಳೂವರೆಗೆ ಚೀಲ ಹಿಡಿದು ಹೊರಟೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿ ಹಲಗೆ ಮೇಲೆ ಬಂಗುಡೆ ರಾಶಿ ಹಾಕಿದ್ದರು. ಐಸ್ ಅಂತ ಇದ್ದದ್ದು ಥರ್ಮಾಕೋಲ್ ಡಬ್ಬಿಯ ತಳದಲ್ಲಿ ಕೆಂಪಗಿನ ನೀರು, ಅಷ್ಟೇ. ಹುಡುಗ ಮಗ್ಗಿನಲ್ಲಿ ಅದೇ ನೀರು ಎತ್ತಿ ಮೀನಿನ ಮೇಲೆ ಚೆಲ್ಲುತ್ತಿದ್ದ, ಹೊಳಪು ಬರಲಿ ಅಂತ. "ಅಕ್ಕಾರ, ಮುಂಜಾನಿ ಮಂಗಳೂರಿಂದ ಬಂದದ, ಕಣ್ಣು ಮುಚ್ಚಿ ಒಯ್ಯಿರಿ" ಅಂದ. ಕಿವಿರು ಎತ್ತಿ ನೋಡಲು ಹೋದರೆ "ಮುಟ್ಟಬ್ಯಾಡ್ರಿ, ಮಾಲು ಕೆಡ್ತದ" ಅಂತ ಗದರಿದ. ಹಿಂದೆ ಹತ್ತು ಜನ ನಿಂತಿದ್ದರು. ಎರಡು ಕಿಲೋಗೆ ಏಳುನೂರು ರೂಪಾಯಿ ಕೊಟ್ಟು ಬಂದೆ.

ಮನೆಯಲ್ಲಿ ಅಳಿಯ ಅಡುಗೆಮನೆಗೇ ಬಂದು ಒಂದು ಮೀನು ಕೈಗೆತ್ತಿಕೊಂಡರು. ಉಗುರಿನಿಂದ ಕಿವಿರು ಎತ್ತಿದರು. ಕೆಂಪಗಿರಬೇಕಾದದ್ದು ಕುದಿಸಿ ಸೋಸಿದ ಚಹಾಪುಡಿ ಬಣ್ಣಕ್ಕೆ ತಿರುಗಿತ್ತು. ಕಣ್ಣು ಒಳಗೆ ಕುಸಿದು ಹಾಲುಗಟ್ಟಿತ್ತು. ಹೊಟ್ಟೆ ಒತ್ತಿದರೆ ಬೆರಳು ಮೂಡಿದ ಕುಳಿ ಹಾಗೇ ಉಳಿಯಿತು. "ಅತ್ತೆ, ಇದು ಬೇಡ. ಈಗ ನಮ್ಮಲ್ಲೇ ಬೋಟು ಕಡಲಿಗೆ ಹೋಗುವುದಿಲ್ಲ. ಮಂಗಳೂರಿಂದ ಇವತ್ತು ಬರುವುದು ಹೇಗೆ?" ಅಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಂತೆ. ಮೀನು ಮೊಟ್ಟೆ ಇಡುವ ಕಾಲ. ಆಂಧ್ರದ ಕಡೆಯೂ ಏಪ್ರಿಲ್ 15ರಿಂದ ಜೂನ್ 14ರವರೆಗೆ ಬಂದ್. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡಲಲ್ಲಿ ದೊಡ್ಡ ಬೋಟು ಇಳಿಯುವುದಿಲ್ಲ. ನಾಡದೋಣಿಯವರು ಹಿಡಿದ ಅಷ್ಟಿಷ್ಟು ಅಲ್ಲೇ ಮುಗಿದುಹೋಗುತ್ತದೆ. 500 ಕಿಲೋಮೀಟರಿಗೂ ಜಾಸ್ತಿ ದೂರದ ನಮ್ಮೂರಿಗೆ 'ಮುಂಜಾನೆಯ ಮೀನು' ಎಲ್ಲಿಂದ ಬಂತು? ಹಳೇ ಮಾಲು, ಫ್ರೀಜರ್ ಮಾಲು ಅಂತ ಹೇಳಿಯೇ ಮಾರಲಿ, ಬೇಕಾದವರು ಒಯ್ಯುತ್ತಾರೆ. ಸುಳ್ಳು ಯಾಕೆ?

ನಮ್ಮ ಯಜಮಾನರು ಕೇಳಲಿಲ್ಲ. ದುಡ್ಡು ಕೊಟ್ಟು ತಂದದ್ದು ಚೆಲ್ಲುತ್ತಾರಾ ಅಂತ ಎರಡು ಹುರಿಸಿಕೊಂಡು ತಿಂದರು. ಅರ್ಧ ಗಂಟೆಯೊಳಗೆ ಮುಖ ಕೆಂಪಗಾಯಿತು, ಮೈಯೆಲ್ಲ ದದ್ದು, ಎದೆ ಡವಗುಟ್ಟತೊಡಗಿತು. ಭಾನುವಾರ ಯಾವ ಡಾಕ್ಟರ್ ಸಿಗುತ್ತಾರೆ? ಆಟೊದಲ್ಲಿ ಮೂರು ಕಡೆ ತಿರುಗಿ ಕೊನೆಗೆ ಒಂದು ಕಡೆ ಇಂಜೆಕ್ಷನ್ ಸಿಕ್ಕಿತು. ಬಂಗುಡೆಯಂಥ ಮೀನು ಐಸ್ ಇಲ್ಲದೆ ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಅನ್ನುವ, ಮೈಗೆ ದದ್ದು ಎಬ್ಬಿಸುವ ಪದಾರ್ಥ ಬೆಳೆಯುತ್ತದೆ, ಹುರಿದರೂ ಕುದಿಸಿದರೂ ಹೋಗುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಇದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಕು ಅಂದುಕೊಂಡಿದ್ದೆ. ಏಳುನೂರರ ಮೀನಿಗೆ ಎರಡು ಸಾವಿರದ ಔಷಧಿ. ಅಳಿಯನಿಗೆ ಮಧ್ಯಾಹ್ನ ಮೂರಕ್ಕೆ ಬದನೆಕಾಯಿ ಎಣ್ಣೆಗಾಯಿ ಬಡಿಸಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೀನು ಬಿಡಿ, ಮಟನ್ ಕಥೆಯೂ ಇದೇ. ನಮಗೆ ಇಪ್ಪತ್ತು ವರ್ಷದಿಂದ ಗುರುತಿನ ಒಬ್ಬ ಅಂಗಡಿಯವರಿದ್ದರು. ಕುರಿಯ ಬಾಲ ಕತ್ತರಿಸದೆ ಹಾಗೇ ತೂಗುಹಾಕುತ್ತಿದ್ದರು, ಆಡೋ ಕುರಿಯೋ ಅಂತ ಯಾರಿಗೂ ಅನುಮಾನ ಬರಬಾರದು ಅಂತ. "ಬಾಯಾರ, ಇವತ್ತಿಂದು ಚಲೋ ಇಲ್ಲ, ನಾಳೆ ಬರ್ರಿ" ಅಂತ ತಾವೇ ವಾಪಸ್ ಕಳಿಸಿದ್ದೂ ಉಂಟು. ವಯಸ್ಸಾಯಿತು, ಹೋದ ವರ್ಷ ಅಂಗಡಿ ಮುಚ್ಚಿದರು. ಅಲ್ಲಿಂದ ನಾನು ಅಲೆಯುತ್ತಿದ್ದೇನೆ. ಪ್ರಾಣಿ ಡಾಕ್ಟರ್ ನೋಡಿ ಹಾಕಿದ ಸೀಲು ಎಲ್ಲಿದೆ ಅಂತ ಕೇಳಿದರೆ ಈಗಿನವರು ಮುಖ ನೋಡುತ್ತಾರೆ. ಒಂದು ಕಿಲೋ ಮಟನ್ ಪಕ್ಕದ ಕಿರಾಣಿ ಅಂಗಡಿಯಲ್ಲಿ ಮತ್ತೆ ತೂಗಿಸಿದರೆ 850 ಗ್ರಾಂ. ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕು ಅಂತ ಕಾನೂನಿದೆ, ಅಲ್ವಾ? ಅದನ್ನು ನೋಡುವವರು ಯಾರು?

ಯಾರನ್ನು ಕೇಳಿದರೂ "ಗುರುತಿನವರ ಹತ್ತಿರ ತಗೊಳ್ಳಿ" ಅನ್ನುತ್ತಾರೆ. ಈ ಊರಲ್ಲಿ ಒಳ್ಳೆಯ ಖಂಡ, ಒಳ್ಳೆಯ ಮೀನು ಗುರುತಿದ್ದವರಿಗೆ ಮಾತ್ರ. ವರ್ಗವಾಗಿ ಬಂದ ಬ್ಯಾಂಕಿನವರು, ಶಾಲೆಯವರು, ಬಾಡಿಗೆ ಮನೆಯ ಹುಡುಗರು ಯಾರ ಗುರುತು ಹಿಡಿಯಬೇಕು?

ಈ ನಡುವೆ ಸಾವಯವದ ಬೋರ್ಡು ಬೇರೆ ಎದ್ದಿವೆ. ಟೊಮೆಟೊಗೆ ಎರಡು ಪಟ್ಟು ರೇಟು. ಅಂಥ ಒಂದು ಅಂಗಡಿಯಲ್ಲಿ ಪಾಕೀಟು ತಿರುಗಿಸಿ ನೋಡಿದೆ. ಸಾವಯವಕ್ಕೆ ಸರ್ಕಾರದ ಜೈವಿಕ್ ಭಾರತ್ ಗುರುತಿಲ್ಲ, ರೈತರ ಗುಂಪು ಒಬ್ಬರನ್ನೊಬ್ಬರು ಪರೀಕ್ಷಿಸಿ ಕೊಡುವ ಪಿಜಿಎಸ್ ಸರ್ಟಿಫಿಕೇಟ್ ಇಲ್ಲ, ಏನೂ ಇಲ್ಲ. "ನಂಬಿಕೆ ಮೇಲೆ ತಗೊಳ್ಳಿ ಮೇಡಂ" ಅಂದರು. ಸಣ್ಣ ರೈತರು ತಾವು ಬೆಳೆದದ್ದನ್ನು ನೇರವಾಗಿ ನಮಗೆ ಮಾರಿದರೆ ಸರ್ಟಿಫಿಕೇಟ್ ಬೇಕಿಲ್ಲ, ಅದು ನಿಯಮದಲ್ಲೇ ಇದೆ. ಸಂತೆಯಲ್ಲಿ ಗೋಣಿಚೀಲ ಹಾಸಿ ಪುಂಡಿಪಲ್ಯ, ಜವಾರಿ ಬದನೆಕಾಯಿ ಮಾರುವ ಅಜ್ಜಿಯನ್ನು ನಾನು ಕೇಳುವುದೂ ಇಲ್ಲ. ಆಕೆ ಬೆಳೆಗೆ ಔಷಧಿ ಹೊಡೆದಿದ್ದರೆ ಹೊಡೆದಿದ್ದೇನೆ ಅಂತಲೇ ಹೇಳುತ್ತಾಳೆ. ಆದರೆ ಎಲ್ಲಿಂದಲೋ ತರಿಸಿ ಮಾರುವ ಅಂಗಡಿ ಕಾಗದ ತೋರಿಸಲೇಬೇಕು. ಕೃಷಿ ವಿಶ್ವವಿದ್ಯಾಲಯವೇ ನಮ್ಮೂರಲ್ಲಿದೆ. ಅಲ್ಲಿನ ತಿಳಿದವರನ್ನು ಒಂದು ದಿನ ಕರೆದುಕೊಂಡು ಅಂಗಡಿ ಸುತ್ತಲು ಅಧಿಕಾರಿಗಳಿಗೆ ಏನು ಕಷ್ಟ?

ಕೇಳಿದರೆ ಸಿಬ್ಬಂದಿ ಇಲ್ಲ ಅನ್ನುತ್ತಾರೆ. ನೀರಿನ ವಿಷಯದಲ್ಲೂ ನಾವು ಕಷ್ಟ ಉಂಡಿದ್ದೇವೆ. 2022ರ ಬೇಸಿಗೆಯಲ್ಲಿ ನಲ್ಲಿಯ ಕೊಳಕು ನೀರು ಕುಡಿದು ಇದೇ ಊರಲ್ಲಿ ಜನ ಸತ್ತರು.  ನಾನು ಇವತ್ತಿಗೂ ನೀರು ಕುದಿಸಿಯೇ ಕುಡಿಯುತ್ತೇನೆ. ಪಕ್ಕದ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ಕರೆಂಟು ಹುಟ್ಟುತ್ತದೆ, ಇಲ್ಲಿ ಮೀನಿಗೆ ಐಸ್ ಇಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಹೊಳೆಯ ರೋಹು, ಕಟ್ಲಾ ಹಿಡಿದ ದಿನವೇ ಮನೆ ಬಾಗಿಲಿಗೆ ಬರುತ್ತಿದ್ದ ಕಾಲ ನಾನೇ ನೋಡಿದ್ದೇನೆ. ಬುಟ್ಟಿಯಲ್ಲಿ ಇನ್ನೂ ಬಾಲ ಬಡಿಯುತ್ತಿದ್ದವು. ಆ ಮೀನುಗಾರರಿಗೆ ನೆರಳು, ನೀರು, ಐಸ್ ಇರುವ ಒಂದು ಜಾಗ ಕೊಟ್ಟಿದ್ದರೆ ನಾವು ಕಡಲ ಮೀನಿಗೆ ಯಾಕೆ ಬಾಯಿ ಬಿಡಬೇಕಿತ್ತು?

ಅಂಗಡಿಯವರನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಅವರೂ ಹೊಟ್ಟೆಪಾಡಿನವರು. ಒಳ್ಳೆಯ ಮಾಲು ಮಾರುವವರು ಖಂಡಿತಾ ಇದ್ದಾರೆ, ನನಗೆ ಸಿಕ್ಕಿಲ್ಲ ಅಷ್ಟೇ. ಲೈಸೆನ್ಸ್ ನಂಬರ್ ಬಾಗಿಲಲ್ಲಿ ಹಾಕಿಸಿ. ಸೀಲು ಇಲ್ಲದ ಮಟನ್ ನಿಲ್ಲಿಸಿ. ಯಾವ ಅಂಗಡಿ ಸರಿ ಇದೆ ಅಂತ ನಿಮ್ಮ ಪತ್ರಿಕೆಯಲ್ಲಾದರೂ ಪಟ್ಟಿ ಬರಲಿ. ಅದೂ ಆಗದಿದ್ದರೆ, ಎಲ್ಲ ನೋಡಿ ಬಂದಿದ್ದೇವೆ ಅಂದ ಆ ಅಧಿಕಾರಿ ಬರುವ ಭಾನುವಾರ ಮುಂಜಾನೆ ಏಳೂವರೆಗೆ ಚೀಲ ಹಿಡಿದು ನನ್ನ ಜೊತೆ ಬರಲಿ. ತಮ್ಮ ಮನೆಗೆ ಬೇಕಾದ ಮೀನು ಆ ಹಲಗೆ ಮೇಲಿಂದಲೇ ಆರಿಸಿಕೊಂಡು ಒಯ್ಯಲಿ.

— ಒಬ್ಬ ಗೃಹಿಣಿ, ರಾಯಚೂರು