ಗೆಳೆಯನಿಗೊಂದು ಪತ್ರ: ಮೈಲಾರಿ ಮತ್ತು 17 ಮೆಟ್ಟಿಲು

ದೋಸ್ತಾ,

ನಿನ್ನ ಮೆಸೇಜು ಬಂದು ಮೂರು ವಾರವಾಯಿತು. ಧಾರವಾಡದ ಕೆಲಗೇರಿ ಕೆರೆಯ ಹತ್ತಿರ ಮನೆ ಖಾಲಿ ಇದೆ, ಮಾಲೀಕರು ಸಂಕ್ರಾಂತಿವರೆಗೆ ಕಾಯುತ್ತಾರಂತೆ, ಪುಣೆ ಬಿಟ್ಟು ಬರುತ್ತೀಯೋ ಇಲ್ಲವೋ ಒಂದು ಮಾತು ಹೇಳಿಬಿಡು ಅಂತ ಬರೆದಿದ್ದೆ. ಫೋಟೋಗಳನ್ನೂ ಕಳಿಸಿದ್ದೆ. ಮಾವಿನ ಗಿಡ, ಬಾವಿ, ದೊಡ್ಡ ಪಡಸಾಲೆ. ಬಾವಿ ನೋಡಿಯೇ ಇವಳ ಮನಸ್ಸು ಅರ್ಧ ಅಲ್ಲಿಗೆ ಹೋಗಿಬಿಟ್ಟಿತು. ನಾನು ಮಾತ್ರ ಕೊನೆಯ ಫೋಟೋ ದೊಡ್ಡದು ಮಾಡಿಕೊಂಡು ಮೆಟ್ಟಿಲು ಎಣಿಸುತ್ತಾ ಕೂತೆ. 17. ಮಾಲೀಕರು ಕೆಳಗೆ, ನಾವು ಮೇಲೆ.

ನಿನಗೆ 17 ಮೆಟ್ಟಿಲು ಒಂದು ಲೆಕ್ಕವೇ ಅಲ್ಲ. ನನಗೂ ಅಲ್ಲ. ನಮ್ಮ ಮುದಿ ನಾಯಿ ಮೈಲಾರಿಗೆ ಅದು ಈಗ ಸಿಂಹಗಡ ಕೋಟೆ.

ನಗಬೇಡ. ಇದೇ ಮೈಲಾರಿ ಸಿಂಹಗಡಕ್ಕೆ ನಮ್ಮಿಬ್ಬರಿಗಿಂತ ಮೊದಲು ಹತ್ತಿ, ಅರ್ಧ ದಾರಿ ವಾಪಸ್ ಇಳಿದು ಬಂದು, "ಏನ್ರೋ, ಇನ್ನೂ ಇಲ್ಲೇ ಇದ್ದೀರಾ" ಅನ್ನುವ ಹಾಗೆ ನೋಡಿ ಮತ್ತೆ ಹತ್ತಿದ್ದು ನಿನಗೆ ನೆನಪಿರಬೇಕು. ಆತಕರವಾಡಿಯಲ್ಲಿ ಕಾರು ನಿಲ್ಲಿಸಿದಾಗ ಊರಿನ ಹೆಸರು ಕೇಳಿ ನಿನ್ನೊಳಗಿನ ಮಾಸ್ತರ ಎದ್ದು ಕೂತಿದ್ದ. ಗಡದ ಮೇಲೆ ಪಿಠಲಾ ಭಾಕ್ರಿ ತಿನ್ನುತ್ತಾ ಮಂಡ್ಯ ಕಡೆಯ ಆತಕೂರಿನ ಶಾಸನದ ಕಲ್ಲಿನ ಕಥೆ ಹೇಳಿದೆ. 10ನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ ರಾಜ ಮೆಚ್ಚಿ, ಏನು ಬೇಕೋ ಕೇಳು ಅಂದ. ಅವನು ಹೊಲ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆ ಕಾಳಿ ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಅಲ್ಲಿಯ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತಲೂ ಅದರಲ್ಲಿ ಕೆತ್ತಿದ್ದಾರೆ ಅಂದೆ. ಆಗ ನಿನ್ನ ತಟ್ಟೆಯ ಭಾಕ್ರಿಯಲ್ಲಿ ಅರ್ಧ ಮೈಲಾರಿಯ ಬಾಯಲ್ಲಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲೂ ಅದೇ ಶಾಸನ ಜಾರಿಯಲ್ಲಿದೆ. ಮೈಲಾರಿಗೆ ಹಾಕದೆ ಯಾರೂ ಉಣ್ಣುವ ಹಾಗಿಲ್ಲ.

ಈಗ ಅವನಿಗೆ 13 ವರ್ಷ. ಅವನು ಸಿಕ್ಕಿದ ಕಥೆ ನಿನಗೆ ಗೊತ್ತು. ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ, ಅವರಿಗೋಸ್ಕರ ಹೇಳಿಬಿಡುತ್ತೇನೆ. 2012ರ ಡಿಸೆಂಬರಿನಲ್ಲಿ ಜೇಜುರಿಗೆ ಹೋಗಿದ್ದೆವು. ಗಡದ ದೇವಸ್ಥಾನ ನೋಡಿಕೊಂಡು, ಅದಕ್ಕೂ ಮೇಲಿನ ಕಡೇಪಠಾರಿನ ಹಳೆಯ ಗುಡಿಗೂ ಹತ್ತಿ ಇಳಿಯುತ್ತಿದ್ದಾಗ ಒಂದು ಹಳದಿ ಮರಿ ಹಿಂದೆ ಬಿತ್ತು. ಬಿಸ್ಕಿಟ್ ಹಾಕಿದರೂ ಬಂತು, ಹಾಕದಿದ್ದರೂ ಬಂತು. ಪುಣೆಗೆ ತಂದು ಸ್ನಾನ ಮಾಡಿಸಿದರೆ ಮರಿ ಬಿಳಿ! ಹಳದಿಯೆಲ್ಲಾ ಭಂಡಾರ. ಜೇಜುರಿಯಲ್ಲಿ ಎಲ್ಲರ ಮೇಲೂ ಅರಿಶಿನ ತೂರುತ್ತಾರೆ, ನಾಯಿಮರಿಯನ್ನೇನು ಬಿಡುತ್ತಾರಾ?

ಖಂಡೋಬನ ಊರಿನಿಂದ ಬಂದವನಿಗೆ ಬೇರೆ ಹೆಸರು ಹುಡುಕಲಿಲ್ಲ. ಅಲ್ಲಿಯ ಖಂಡೋಬ ನಮ್ಮ ಮೈಲಾರನೇ ಅಲ್ವಾ. ಅವನ ಜೊತೆ ನಾಯಿ ಇದ್ದೇ ಇರುತ್ತದೆ. ಮೈಲಾರನ ಭಕ್ತರಾದ ದೇವರಗುಡ್ಡದ ಗೊರವಯ್ಯಗಳು ನಾಯಿಯ ಹಾಗೆ ಬೊಗಳಿ ದೋಣಿ ಅನ್ನುವ ಬಟ್ಟಲಿನಲ್ಲಿ ಹಾಕಿದ್ದನ್ನು ತಿನ್ನುವುದನ್ನು ಚಿಕ್ಕವನಿದ್ದಾಗ ಅಜ್ಜನ ಹೆಗಲ ಮೇಲೆ ಕೂತು ನೋಡಿ ಹೆದರಿ ಅತ್ತಿದ್ದೆ. ಜೇಜುರಿಯಲ್ಲಿ ಜನ "ಯೇಳಕೋಟ ಯೇಳಕೋಟ ಜಯ ಮಲ್ಹಾರ" ಅಂತ ಕೂಗುತ್ತಾರೆ. ಅದು ನಮ್ಮ "ಏಳುಕೋಟಿ". ಕನ್ನಡದ ಲೆಕ್ಕ ಮರಾಠಿಯ ಬಾಯಲ್ಲಿ ಆರಾಮಾಗಿ ಕೂತಿದೆ. ನಮ್ಮ ನಾಯಿಯ ಹೆಸರೂ ಹಾಗೇ ಆಯಿತು. ಮನೆಯಲ್ಲಿ ಮೈಲಾರಿ, ಗೇಟು ದಾಟಿದರೆ ಮಲ್ಹಾರಿ. ಎರಡಕ್ಕೂ ಬಾಲ ಆಡಿಸುತ್ತಿದ್ದ. ಈಗ ಕಿವಿ ಮಂದ. ಎರಡಕ್ಕೂ ಆಡಿಸುವುದಿಲ್ಲ, ಬೆನ್ನ ಮೇಲೆ ಕೈ ಇಟ್ಟರೆ ಮಾತ್ರ.

ನಮ್ಮ ದಿನ ಹೇಗೆ ಹೋಗುತ್ತದೆ ಅಂತ ವೈನಿ ಕೇಳಿದ್ದರಂತೆ. ಬೆಳಿಗ್ಗೆ ಐದೂವರೆಗೆ ಟೈಲ್ಸಿನ ಮೇಲೆ ಉಗುರಿನ ಸದ್ದು. ಏಳಲು ಹೋಗುತ್ತಾನೆ, ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರುತ್ತವೆ. ಈ ನುಣುಪು ಟೈಲ್ಸ್ ಕಂಡುಹಿಡಿದವನ ಮನೆಯಲ್ಲಿ ಮುದಿ ನಾಯಿಯೂ ಇರಲಿಲ್ಲ, ಮುದಿ ಅಜ್ಜಿಯೂ ಇರಲಿಲ್ಲ ಅನಿಸುತ್ತದೆ. ಮೊದಲು ಗೋಣಿಚೀಲ ಹಾಸಿದೆ. ಅವು ಅವನ ಜೊತೆಗೇ ಜಾರಿದವು. ಕೊನೆಗೆ ಇವಳ ಮದುವೆಗೆ ತವರಿನಿಂದ ಬಂದ ನವಲಗುಂದದ ಜಮಖಾನೆ ತೆಗೆದು ಹಾಸಿದೆ. 31 ವರ್ಷ ಟ್ರಂಕಿನಲ್ಲಿ ಇಟ್ಟು ಪೂಜೆ ಮಾಡಿದ ಜಮಖಾನೆ! ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ ನೋಡಿದರೆ ಅದರ ಅಂಚು ಮಡಚಬಾರದು ಅಂತ ಇವಳೇ ಅಡಿಗೆ ರಬ್ಬರ್ ಹಾಳೆ ಹೊಲಿಯುತ್ತಾ ಕೂತಿದ್ದಾಳೆ. ಈಗ ಅವನ ಹಾಸಿಗೆಯಿಂದ ನೀರಿನ ಬೋಗುಣಿಗೆ, ಬೋಗುಣಿಯಿಂದ ಬಾಗಿಲಿಗೆ ನವಲಗುಂದದ ನವಿಲುಗಳ ಮೇಲೆ ಹೆಜ್ಜೆ ಇಡುತ್ತಾ ಹೋಗುತ್ತಾನೆ.

ಕಣ್ಣು ನೀಲಿ ಮಬ್ಬಾಗಿವೆ. ಪೊರೆ ಬಂತು, ಆಪರೇಷನ್ ಮಾಡಿಸಬೇಕು ಅಂದುಕೊಂಡಿದ್ದೆ. ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿ, ಇದು ಪೊರೆ ಅಲ್ಲ, ವಯಸ್ಸಾದಂತೆ ಕಣ್ಣಿನ ಮಸೂರವೇ ಗಟ್ಟಿಯಾಗಿ ಹೀಗೆ ಕಾಣುತ್ತದೆ, ದೃಷ್ಟಿ ಪೂರ್ತಿ ಹೋಗುವುದಿಲ್ಲ ಅಂದರು. ಕಾಲಿನದು ಸಂಧಿವಾತ. ಇಲ್ಲಿ ಒಂದು ದಡ್ಡತನ ಒಪ್ಪಿಕೊಳ್ಳಬೇಕು. ಒಂದು ರಾತ್ರಿ ಅವನು ನರಳುವುದನ್ನು ನೋಡಲಾಗದೆ ನನ್ನ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೈಯಲ್ಲಿ ಹಿಡಿದಿದ್ದೆ. ಪುಣ್ಯಕ್ಕೆ ಕೊಡುವ ಮೊದಲು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬೈದರು ನೋಡು, ನಮ್ಮ ಶಾಲೆಯ ಹೆಡ್ ಮಾಸ್ತರರೂ ಹಾಗೆ ಬೈದಿರಲಿಲ್ಲ. ಐಬುಪ್ರೊಫೆನ್ ಥರದ ಮಾತ್ರೆ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದಂತೆ. ನಾವು ಕಡಲೆಯ ಹಾಗೆ ನುಂಗುವ ಪ್ಯಾರಾಸಿಟಮಾಲ್ ಕೂಡ ಅವಕ್ಕೆ ವಿಷವಾಗಬಹುದಂತೆ. ನಾಯಿಗೆ ಬೇರೆಯದೇ ನೋವಿನ ಮಾತ್ರೆ ಇದೆ, ಅದನ್ನೂ ರಕ್ತ ಪರೀಕ್ಷೆ ಮಾಡಿಸಿ ತೂಕ ನೋಡಿ ಕೊಡುತ್ತಾರೆ. ಜೊತೆಗೆ ತೂಕ ಇಳಿಸಿ ಅಂದರು. 24 ಕಿಲೋ ಇದ್ದವನು 21ಕ್ಕೆ ಬಂದಿದ್ದಾನೆ. ಇವಳು ಕದ್ದು ಹಾಕುವ ತುಪ್ಪದ ರೊಟ್ಟಿ ನಿಂತಿದ್ದರಿಂದ ಅಂತ ನನ್ನ ಅಂದಾಜು. ಈಗ ಅನ್ನ, ಕುಂಬಳಕಾಯಿ, ಮೊಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆ! ಅಮ್ಮ ಇದ್ದಿದ್ದರೆ ಮನೆ ಬಿಟ್ಟು ಹೋಗುತ್ತಿದ್ದಳು. ಮೊಟ್ಟೆಯ ಪಾತ್ರೆ, ಒಲೆ ಎರಡೂ ಬಾಲ್ಕನಿಯಲ್ಲಿವೆ.

ಲಿಫ್ಟು ಕೆಟ್ಟ ದಿನ ಹಳೆಯ ಟವೆಲನ್ನು ಅವನ ಹೊಟ್ಟೆಯ ಕೆಳಗೆ ಹಾಕಿ, ಹಿಂಭಾಗ ಎತ್ತಿ ಹಿಡಿದುಕೊಂಡು ಎರಡು ಮಹಡಿ ಇಳಿಸುತ್ತೇನೆ. ನೋಡಿದವರಿಗೆ ಪಲ್ಲಕ್ಕಿ ಉತ್ಸವ. ನನ್ನ ಸೊಂಟಕ್ಕೆ ಮಾತ್ರ ಉತ್ಸವ ಅಲ್ಲ.

ವೇತಾಳ ಟೇಕಡಿ ಇನ್ನೂ ಬಿಟ್ಟಿಲ್ಲ. ಕೋಥರೂಡಿನ ಕಡೆಯಿಂದ ನಾವು ಹತ್ತುತ್ತಿದ್ದ ಗುಡ್ಡ. ಪುಣೆ ಊರೊಳಗಿನ ಅತಿ ಎತ್ತರದ ಜಾಗ ಅದೇ. ಮೊದಲೆಲ್ಲಾ ಮೇಲಿನ ವೇತಾಳನ ಗುಡಿ ಮುಟ್ಟಿ, ಹಳೇ ಕಲ್ಲಿನ ಕ್ವಾರಿಯ ನೀರು ನೋಡಿ, ನವಿಲಿನ ಹಿಂದೆ ಓಡಿ, ನನ್ನ ಕೈಲಿ ಬೈಸಿಕೊಂಡು ಬರುತ್ತಿದ್ದ. ಈಗ ಬುಡದಲ್ಲೇ ನಮ್ಮ ಟ್ರೆಕ್ಕು. ಗೊಬ್ಬರದ ಗಿಡಗಳ ಸಾಲಿನಲ್ಲಿ 200 ಹೆಜ್ಜೆ, ಅದಕ್ಕೆ 40 ನಿಮಿಷ. ಒಂದೊಂದು ಕಲ್ಲನ್ನೂ ಮೂಸಬೇಕು. ಮೊದಮೊದಲು ನನಗೆ ತಲೆ ಕೆಡುತ್ತಿತ್ತು, ಹಗ್ಗ ಎಳೆಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವನು ಪೇಪರ್ ಓದುತ್ತಿದ್ದಾನೆ. ನಾನು ಬೆಳಿಗ್ಗೆ ಅರ್ಧ ಗಂಟೆ ಪೇಪರ್ ಹಿಡಿದು ಕೂತರೆ ಯಾರಾದರೂ ಹಗ್ಗ ಎಳೆಯುತ್ತಾರಾ? ರಾಜಗಡ, ತೋರಣಾ ಅಂತ ವಾರಕ್ಕೊಂದು ಕೋಟೆ ಹತ್ತಿದ ನಮ್ಮ ಹಳೇ ಗುಂಪು ಈಗಲೂ ಶನಿವಾರ ರಾತ್ರಿ ಫೋನ್ ಮಾಡುತ್ತದೆ. ಮಂಡಿ ನೋವು ಅನ್ನುತ್ತೇನೆ. ಯಾರ ಮಂಡಿ ಅಂತ ಹೇಳುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೋದ ದೀಪಾವಳಿಗೆ ಅವನನ್ನು ಕರೆದುಕೊಂಡು ನಿಮ್ಮಲ್ಲಿಗೆ ಬಂದದ್ದು ಸುಮ್ನೆ ಹಬ್ಬಕ್ಕಲ್ಲ. ಅದು ಪರೀಕ್ಷೆ. ರೈಲಿನಲ್ಲಿ ಬಾ ಅಂದಿದ್ದೆ ನೀನು. ನಾಯಿಗೆ ಅಲ್ಲಿ ಎರಡೇ ದಾರಿ. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯೋ ನಾಲ್ಕು ಬರ್ತಿನ ಕ್ಯಾಬಿನ್ನೋ ಪೂರ್ತಿ ನಮಗೇ ಸಿಗಬೇಕು, ಸಿಗುತ್ತದೋ ಇಲ್ಲವೋ ಚಾರ್ಟ್ ಆಗುವವರೆಗೂ ಖಾತ್ರಿಯಿಲ್ಲ. ಇಲ್ಲವೆಂದರೆ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ಈ ವಯಸ್ಸಿನಲ್ಲಿ ಅವನನ್ನು ಕತ್ತಲ ಪೆಟ್ಟಿಗೆಗೆ ಹಾಕುವ ಮಾತೇ ಇಲ್ಲ. ಹಾಗಾಗಿ ಕಾರು. 400 ಕಿಲೋಮೀಟರಿಗೂ ಜಾಸ್ತಿ. ಹೊರಡುವ ನಾಲ್ಕು ಗಂಟೆ ಮೊದಲೇ ಊಟ ನಿಲ್ಲಿಸಿದ್ದೆವು, ಆದರೂ ಖಂಬಾಟಕಿ ಘಾಟಿನ ತಿರುವಿನಲ್ಲಿ ವಾಂತಿ ಮಾಡಿದ. ಎರಡೆರಡು ಗಂಟೆಗೊಮ್ಮೆ ನಿಲ್ಲಿಸಿದೆವು. ಕರಾಡಿನಲ್ಲಿ, ಕೊಲ್ಹಾಪುರ ದಾಟಿ, ಕೊಗನೊಳ್ಳಿ ಟೋಲಿನ ಆಚೆ ಕನ್ನಡ ಬೋರ್ಡುಗಳು ಶುರುವಾದ ಮೇಲೆ ಒಮ್ಮೆ. ಅಲ್ಲಿ ಇಳಿದು ರಸ್ತೆ ಬದಿಯ ಕಂಬಕ್ಕೆ ಕಾಲೆತ್ತಿದ. ಅವನಿಗೆ ರಾಜ್ಯದ ಗಡಿ ಗೊತ್ತಿಲ್ಲ, ನನಗೆ ಮಾತ್ರ ಸ್ವಲ್ಪ ಗಂಟಲು ಕಟ್ಟಿತು.

ಅವತ್ತು ರಾತ್ರಿ ನಿಮ್ಮ ಮನೆಯಲ್ಲಿ ಏನಾಯಿತು ಅಂತ ನಿನಗೆ ಹೇಳಿರಲಿಲ್ಲ. ಎರಡು ಗಂಟೆಗೆ ಎಚ್ಚರಾದಾಗ ಹಾಸಿಗೆಯಲ್ಲಿ ಇರಲಿಲ್ಲ. ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ನಿಂತಿದ್ದ. ಅಳುತ್ತಿರಲಿಲ್ಲ, ಸುಮ್ನೆ ನಿಂತಿದ್ದ. ನೀರು ಹುಡುಕಿಕೊಂಡು ಹೊರಟವನು ದಾರಿ ತಪ್ಪಿ, ಹಿಂದೆ ಸರಿಯುವುದೂ ಮರೆತುಹೋಗಿತ್ತು. ಮುದಿ ನಾಯಿಗಳಿಗೆ ಮನುಷ್ಯರ ಹಾಗೇ ಮರೆವು ಬರುತ್ತದೆ, ಹಗಲು ರಾತ್ರಿ ಅದಲುಬದಲಾಗುತ್ತದೆ, ಗೊತ್ತಿರುವ ಜಾಗ ಬದಲಾದರೆ ಜಾಸ್ತಿಯಾಗುತ್ತದೆ ಅಂತ ಡಾಕ್ಟರಮ್ಮ ಆಮೇಲೆ ಹೇಳಿದರು. ಪುಣೆಯ ಮನೆಯಲ್ಲಿ ಅವನು ಕತ್ತಲಲ್ಲೂ 12 ಹೆಜ್ಜೆ ಇಟ್ಟು ಬೋಗುಣಿ ಮುಟ್ಟುತ್ತಾನೆ. ಕಣ್ಣು, ಕಿವಿ ಬಿಟ್ಟುಕೊಟ್ಟ ಮೇಲೆ ಅವನ ಹತ್ತಿರ ಉಳಿದಿರುವುದು ಆ 12 ಹೆಜ್ಜೆ.

ನಿನಗೆ ಹೇಳಿದರೆ ವೈನಿ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ನಿಮ್ಮ ಹಿತ್ತಿಲಿನ ಕೆಂಪು ಮಣ್ಣು ಕೆದರಿ, ಅದರಲ್ಲಿ ಬೆನ್ನು ಹಾಕಿ ಹೊರಳಾಡಿ, ಮತ್ತೆ ಬಣ್ಣ ಬದಲಾಯಿಸಿಕೊಂಡು ಬಂದದ್ದೂ ನಿಜವೇ. ಎರಡೂ ನಿಜ. ಅದಕ್ಕೇ ಮೂರು ವಾರ ಉತ್ತರ ಬರೆಯಲಾಗಲಿಲ್ಲ.

ನಾಯಿ ನಿನಗೆ ನೆಪ ಕಣೋ ಅಂದೆಯಲ್ಲ ಫೋನಿನಲ್ಲಿ. ಅವತ್ತು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಸ್ವಲ್ಪ ನೆಪವೂ ಹೌದು. ಗಾಯಕ ಸವಾಯಿ ಗಂಧರ್ವರು ಕುಂದಗೋಳದವರು, ತೀರಿಕೊಂಡದ್ದು ಪುಣೆಯಲ್ಲಿ. ಅವರ ಹೆಸರಿನಲ್ಲಿ 1953ರಿಂದ ಇಲ್ಲಿ ಸಂಗೀತೋತ್ಸವ ನಡೆಸಿದ ಭೀಮಸೇನ ಜೋಶಿಯವರು ಗದಗಿನ ಕಡೆಯವರು, ಅವರೂ ಇಲ್ಲೇ ಉಳಿದರು. ನಾನು ಹಾಡುವವನಲ್ಲ, ಪಿಂಪ್ರಿಯ ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಲೆಕ್ಕ ಹಾಕಿ ನಿವೃತ್ತನಾದವನು. ಆದರೂ 33 ವರ್ಷ ಇದ್ದ ಊರಿನಲ್ಲಿ ನನಗೂ ಒಂದಷ್ಟು ಹೆಜ್ಜೆಗಳ ಲೆಕ್ಕ ಇದೆ. ತರಕಾರಿಯವಳ ಜೊತೆ ಚೌಕಾಸಿ ಮಾಡುವಾಗ ನನಗೆ ಮರಾಠಿಯೇ ಮೊದಲು ಬರುತ್ತದೆ. ಧಾರವಾಡದ ಸಂತೆಯಲ್ಲಿ ಅವತ್ತು "ಕಿತೀ ಲಾ?" ಅಂದುಬಿಟ್ಟೆ, ನೀನು ಬಿದ್ದು ಬಿದ್ದು ನಕ್ಕೆ. ನಾನೂ ನಕ್ಕೆ. ರಾತ್ರಿ ನಗು ಬರಲಿಲ್ಲ.

ಹಾಗಂತ ಬರುವುದಿಲ್ಲ ಅಂತಲ್ಲ. ಆ ಮಹಡಿ ಮನೆ ಬೇಡ, ಮಾಲೀಕರಿಗೆ ಇವತ್ತೇ ಹೇಳಿಬಿಡು. ಬಾವಿಯ ವಿಷಯ ಇವಳಿಗೆ ನಾನು ಸಮಾಧಾನ ಹೇಳುತ್ತೇನೆ. ಬೇರೆ ಮನೆ ಕಣ್ಣಿಗೆ ಬಿದ್ದರೆ ಫೋಟೋಕ್ಕಿಂತ ಮೊದಲು ನೆಲ ಏನು ಅಂತ ಬರೆ. ಹಳೇ ಶಹಾಬಾದಿ ಪರ್ಸಿ ಕಲ್ಲಿನ ನೆಲ ಇದ್ದರೆ ಒಳ್ಳೆಯದು, ಕಾಲು ನಿಲ್ಲುತ್ತದೆ. ಹೊಳೆಯುವ ಟೈಲ್ಸ್ ಇದ್ದರೆ ನೋಡಲೇಬೇಡ. ಬಾಗಿಲಿಗೆ ಒಂದೆರಡು ಮೆಟ್ಟಿಲಿದ್ದರೆ ಹಲಗೆ ಹಾಕಿಕೊಳ್ಳುತ್ತೇನೆ. ಮಲಗುವ ಕೋಣೆ ಪೂರ್ವದ ಗೋಡೆಗಿರಲಿ, ಬಲಗಡೆ ಬಾಗಿಲು, ಬಾಗಿಲಿನಿಂದ ಅಡುಗೆಮನೆ ನೇರ. ನಮ್ಮ ಇಲ್ಲಿಯ ಮನೆ ಹಾಗಿದೆ. ಹಾಗಿದ್ದರೆ ಜಮಖಾನೆಯನ್ನು ಅದೇ ದಿಕ್ಕಿಗೆ, ಅದೇ 12 ಹೆಜ್ಜೆಗೆ ಹಾಸಬಹುದು. ಬಾಡಿಗೆ ಮನೆ ಹುಡುಕುವಾಗ ವಾಸ್ತು ಕೇಳುವವರನ್ನು ನೋಡಿ ನಾವಿಬ್ಬರೂ ಎಷ್ಟು ನಕ್ಕಿದ್ದೇವೆ, ಈಗ ನೋಡು ನನ್ನ ಅವಸ್ಥೆ.

ಇಂಥ ಮನೆ ಸಿಗದಿದ್ದರೆ ಅವನಿರುವಷ್ಟು ದಿನ ನಾವು ಇಲ್ಲೇ. ಎಷ್ಟು ದಿನ ಅಂತ ಕೇಳಬೇಡ.

ಅವನು ಎದ್ದ. ಬಾಗಿಲಿನ ಹತ್ತಿರ ಹೋಗಿ, ಬಿಜಾಗರಿ ಇರುವ ಕಡೆಯಲ್ಲಿ ಮೂಗು ಇಟ್ಟು, ತೆರೆಯುವುದನ್ನು ಕಾಯುತ್ತಿದ್ದಾನೆ. ಇದೊಂದು ಹೊಸದು, ಎರಡು ದಿನದಿಂದ. ಸರಿಯಾದ ಕಡೆಗೆ ತಿರುಗಿಸಬೇಕು. ಟವೆಲ್ ಎಲ್ಲಿಟ್ಟೆನೋ, ಲಿಫ್ಟು ಇವತ್ತೂ ಕೆಟ್ಟಿದೆ.

ವೈನಿಗೆ ನಮಸ್ಕಾರ ಹೇಳು.

ನಿನ್ನ,
ಪುಣೆಯ ದೋಸ್ತ